ಸಿಡಿಯದ ಕೋವಿಯನ್ನು ಕೂಡಿಡುವವರು

ಮುಂಬೈಯಲ್ಲಿ ಹಳೆಯ ಸೈನಿಕ ಬಂದೂಕುಗಳನ್ನು ಸಂಗ್ರಹಿಸಲು ಹೊರಟವರಿಗೆ ಕಾನೂನು ಬಾಗಿಲಲ್ಲೇ ಎದುರಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿಯಂತೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅಜ್ಜನ ಕಾಲದಿಂದ ಬಂದದ್ದಾದರೂ ಲೆಕ್ಕ ಅದೇ. ಮೊದಲು ಮೂರಕ್ಕೆ ಅವಕಾಶವಿತ್ತು. ಮಸೂದೆಯ ಕರಡಿನಲ್ಲಿ ಒಂದೇ ಎಂದಿದ್ದದ್ದು ಕೊನೆಗೆ ಎರಡಕ್ಕೆ ಬಂದು ನಿಂತಿತು. ಸೈನ್ಯದ ಬಂದೂಕಿನ ವಿಷಯದಲ್ಲಿ ಬಿಗಿ ಇನ್ನೂ ಹೆಚ್ಚು. .303 ಅಥವಾ 7.62 ಮಿ.ಮೀ. ಸೇನಾ ತೋಟಾ ಹಾರಿಸಬಲ್ಲ ರೈಫಲ್ಲು, .410 ಮಸ್ಕೆಟ್ಟು, ಸೇನೆಯ 9 ಮಿ.ಮೀ. ತೋಟಾ ಹಿಡಿಸುವ ಪಿಸ್ತೂಲು ಇವೆಲ್ಲ ಸಾಮಾನ್ಯ ಲೈಸೆನ್ಸಿಗೆ ಸಿಗುವಂಥವಲ್ಲ. ಅಮೆರಿಕದಲ್ಲಿ 50 ವರ್ಷ ದಾಟಿದ ಬಂದೂಕುಗಳನ್ನು ಕೂಡಿಡುವವರಿಗೆಂದೇ ಪ್ರತ್ಯೇಕ ಲೈಸೆನ್ಸ್ ಇದೆ. ಅಲ್ಲಿ ಮಧ್ಯಮ ವರ್ಗದ ಮನೆಯೊಂದರ ಗೋಡೆಗೆ ಎರಡು ಮಹಾಯುದ್ಧಗಳ ರೈಫಲ್ಲುಗಳು ಸಾಲಾಗಿ ಒರಗಿರಬಹುದು. ಠಾಣೆಯಲ್ಲೋ ಬೊರಿವಲಿಯಲ್ಲೋ ಅಂಥದ್ದನ್ನು ಯೋಚಿಸುವಂತೆಯೂ ಇಲ್ಲ. ಆದರೆ ನಮ್ಮ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವೊಂದು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಕೆಲಸಕ್ಕೆ ಬಾರದು ಎಂದಾದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ.

ಈ ಕಲಮು ಬರೆದವರ ಮನಸ್ಸಿನಲ್ಲಿ ಇದ್ದದ್ದು ಸಾರ್ವಜನಿಕ ಸುರಕ್ಷತೆ. ಆದರೂ ಸಂಗ್ರಾಹಕ ಯಾರು ಎಂಬ ಪ್ರಶ್ನೆಗೆ ಅದರಲ್ಲೊಂದು ಒಳ್ಳೆಯ ಪರೀಕ್ಷೆ ಸಿಕ್ಕಿಬಿಡುತ್ತದೆ: ಇದು ಇನ್ನೆಂದೂ ಸಿಡಿಯುವುದಿಲ್ಲ ಎಂದು ಗೊತ್ತಾದ ಮೇಲೂ ನಿಮಗೆ ಬೇಕೆ? ಬೇಡ ಎನ್ನುವವನಿಗೆ ಬೇಕಾಗಿದ್ದದ್ದು ಬಂದೂಕಿನ ಬಲ. ಬೇಕು ಎನ್ನುವವನ ಕಣ್ಣು ಬೇರೆಲ್ಲೋ ಇದೆ. ಸಂಗ್ರಹದ ಮನೋಧರ್ಮದ ಮೇಲೆ 1995ರಲ್ಲಿ ಪುಸ್ತಕ ಬರೆದ ರಸೆಲ್ ಬೆಲ್ಕ್ ಅದಕ್ಕೆ ಮುಖ್ಯವಾಗಿ ಎರಡು ಲಕ್ಷಣ ಕೊಡುತ್ತಾರೆ. ವಸ್ತು ತನ್ನ ದಿನನಿತ್ಯದ ಉಪಯೋಗದಿಂದ ಹೊರಗೆ ಬಂದಿರಬೇಕು. ಒಂದರಂತೆ ಇನ್ನೊಂದಿಲ್ಲದ ವಸ್ತುಗಳ ಸಾಲಿನಲ್ಲಿ ಅದಕ್ಕೊಂದು ಜಾಗವಿರಬೇಕು. ಅಂಚೆಚೀಟಿಗೂ ನಾಣ್ಯಕ್ಕೂ ಒಪ್ಪುವ ಮಾತಿದು. ಆದರೆ ಸೈನಿಕ ಬಂದೂಕಿನಲ್ಲಿ ಒಂದು ತೊಡಕಿದೆ. ರಾಜರ ಬೇಟೆಕೋವಿಯಂತೆ ಅದು ಒಬ್ಬರಿಗಾಗಿ ಮಾಡಿದ ಏಕೈಕ ವಸ್ತುವಲ್ಲ. ಲಕ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ಹೊರಬಂದದ್ದು. ಬೆಳ್ಳಿ, ದಂತ, ಕೆತ್ತನೆ ಏನೂ ಇಲ್ಲದ ಆ ಕಬ್ಬಿಣ ಮತ್ತು ವಾಲ್‌ನಟ್ ಮರದ ತುಂಡಿನಲ್ಲಿ ಒಂದರಂತೆ ಇನ್ನೊಂದಿಲ್ಲ ಎನ್ನಲು ಏನಿದೆ? ನನ್ನ ಉತ್ತರ: ಅದರ ಮೈಮೇಲಿನ ಬರಹ ಇದೆ. ಸರ್ಕಾರ ತನ್ನ ಸೈನಿಕನ ಕೈಗೆ ಕೊಡುವ ಬೇರೆ ಯಾವ ವಸ್ತುವಿನ ಮೇಲೂ ಇಷ್ಟು ಬರೆದಿಡುವುದಿಲ್ಲ. ಆ ಬರಹವನ್ನು ಓದುವ ಹಸಿವೇ ಒಬ್ಬನನ್ನು ಸಂಗ್ರಾಹಕನನ್ನಾಗಿ ಮಾಡುತ್ತದೆ.

ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ಆದ .303 ಲೀ-ಎನ್‌ಫೀಲ್ಡ್ ರೈಫಲ್ಲನ್ನೇ ಹತ್ತಿರದಿಂದ ನೋಡೋಣ. ಹಿಂಬದಿಯ ಮರವು ಕಬ್ಬಿಣದ ಒಡಲಿಗೆ ಕೂಡುವ ಜಾಗದಲ್ಲಿ, ಬೋಲ್ಟಿನ ಹಿಡಿಯ ಕೆಳಗೆ ಒಂದು ಪಟ್ಟಿ ಇದೆ. ಅದರ ಮೇಲೆ ಕಿರೀಟ, ಕಿರೀಟದ ಕೆಳಗೆ ಜಿ.ಆರ್.ಐ. ಎಂಬ ಮೂರಕ್ಷರ, ಅಂದರೆ ಚಕ್ರವರ್ತಿ ಜಾರ್ಜ್. ಕೆಳಗೆ ಇಷಾಪುರದ ಹೆಸರು, ವರ್ಷ, ಮಾದರಿಯ ಸಂಖ್ಯೆ. ಸ್ವಾತಂತ್ರ್ಯ ಬಂದ ಮೇಲೆ ಅದೇ ಕಾರ್ಖಾನೆಯಲ್ಲಿ ಆದ ರೈಫಲ್ಲಿನಲ್ಲಿ ಕಿರೀಟವಿಲ್ಲ. ಅದೇ ಜಾಗಕ್ಕೆ ಅಶೋಕನ ಸಿಂಹಗಳು ಬಂದಿವೆ, ಜೊತೆಗೆ ಆರ್.ಎಫ್.ಐ. ಎಂಬ ಕಾರ್ಖಾನೆಯ ಹೆಸರು. ಬಂದೂಕು ಅದೇ, ತೋಟಾ ಅದೇ. ಯಜಮಾನ ಮಾತ್ರ ಬದಲಾದ. ಒಡಲು, ಬೋಲ್ಟು, ನಳಿಗೆ, ಮುಂಭಾಗದ ಲೋಹದ ಮೂತಿ ಇವೆಲ್ಲದರ ಮೇಲೂ ಒಂದೇ ನಂಬರು ಇರಬೇಕು. ಬೋಲ್ಟಿನ ನಂಬರು ಬೇರೆಯಾಗಿದ್ದರೆ ಎಲ್ಲೋ ದುರಸ್ತಿ ಆಗಿದೆ, ಇನ್ನೊಂದು ರೈಫಲ್ಲಿನ ಅಂಗ ಇದಕ್ಕೆ ಬಂದಿದೆ. ಮುಂಬದಿಯ ಮರಕ್ಕೆ ಅಡ್ಡಲಾಗಿ ಒಂದು ತಿರುಪು ಹೊಡೆದಿದ್ದರೆ ಅದು ಇಷಾಪುರದವರು ಮರ ಸೀಳದಿರಲೆಂದು ಹೂಡಿದ ಉಪಾಯ. ನಳಿಗೆಯ ಸುತ್ತ ತಂತಿ ಬಿಗಿದಿದ್ದರೆ ಅದನ್ನು ಗ್ರೆನೇಡ್ ಎಸೆಯಲು ಬಳಸಿದ್ದಾರೆ. ಡಿ.ಪಿ. ಎಂಬ ಎರಡಕ್ಷರ ಒತ್ತಿದ್ದರೆ ಅದು ಕವಾಯತಿಗೆ ಇಳಿಸಿದ, ಗುಂಡು ಹಾರಿಸುವ ಅರ್ಹತೆ ಕಳೆದುಕೊಂಡ ರೈಫಲ್ಲು. ಇಷ್ಟೆಲ್ಲ ತಿಳಿಯಲು ಒಂದು ಗುಂಡೂ ಹಾರಿಸಬೇಕಿಲ್ಲ. ಒಳ್ಳೆಯ ಬೆಳಕು, ಭೂತಗನ್ನಡಿ, ತಾಳ್ಮೆ ಸಾಕು.

ಈ ಬರಹ ಬರೀ ಕಾರ್ಖಾನೆಯ ಲೆಕ್ಕವಾಗಿದ್ದರೆ ಅದರಲ್ಲಿ ಆಸಕ್ತಿ ತಂತ್ರಜ್ಞರಿಗೆ ಮಾತ್ರ ಇರುತ್ತಿತ್ತು. ಆಳುವವರು ಆಳಿಸಿಕೊಳ್ಳುವವರನ್ನು ಎಷ್ಟು ನಂಬಿದ್ದರು ಎಂಬುದೂ ಅದರಲ್ಲಿ ಬಿದ್ದಿದೆ. 1857ರ ಬಂಡಾಯದ ಕಿಡಿಯಾದ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದವು; ಗುಂಡು ತಿರುಗುತ್ತ ಹೋಗಿ ದೂರದ ಗುರಿಗೆ ತಾಕುತ್ತಿತ್ತು. ಬಂಡಾಯ ಅಡಗಿದ ಮೇಲೆ ದೇಶೀ ಸಿಪಾಯಿಗಳಿಗಾಗಿ 1858ರ ಮಾದರಿ ಎಂಬುದು ಬಂತು. ನೋಡಲು ಅದೇ ಎನ್‌ಫೀಲ್ಡ್. ಆದರೆ ನಳಿಗೆಯ ಒಳಗು ನುಣುಪು, ಗುರಿಗಣ್ಣು ಒಂದೇ ದೂರಕ್ಕೆ ಕಟ್ಟಿಹಾಕಿದ್ದು. ಗೋರಾ ಸೈನಿಕನಷ್ಟು ದೂರಕ್ಕೆ ಸಿಪಾಯಿ ಹೊಡೆಯಬಾರದು ಎಂಬ ತೀರ್ಮಾನವನ್ನು ಕಬ್ಬಿಣದಲ್ಲೇ ಕೊರೆದಿಟ್ಟರು. ಮುಂದೆ ಗೋರಾ ಪಲ್ಟನ್ನುಗಳಿಗೆ ಮಾರ್ಟಿನಿ-ಹೆನ್ರಿ ಬಂದಾಗ ಸಿಪಾಯಿಗೆ ಹಳೆಯ ಸ್ನೈಡರ್ ಸಿಕ್ಕಿತು. ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವನಿಗೆ ಮಾರ್ಟಿನಿ. ಒಂದು ತಲೆಮಾರು ಹಿಂದೆ ಎಂಬ ಈ ನಿಯಮ ಮೊದಲ ಮಹಾಯುದ್ಧದ ಹೊತ್ತಿನವರೆಗೂ ಒಂದಲ್ಲ ಒಂದು ರೂಪದಲ್ಲಿ ಎಳೆದುಕೊಂಡೇ ಬಂತು. ಪೊಲೀಸರ .410 ಮಸ್ಕೆಟ್ಟಿನ ಕಥೆಯೂ ಇದೇ ಜಾತಿಯದು. ಎಷ್ಟೋ .303 ರೈಫಲ್ಲುಗಳ ನಳಿಗೆಯನ್ನು ಕೊರೆದು ಅಗಲಿಸಿ, ಸಿಕ್ಕವರು ಸೇನೆಯ ತೋಟಾ ಹಾಕಿ ತಿರುಗಿಬೀಳದಂತೆ ಮಾಡಿ ಪಹರೆಯವರಿಗೆ ಹಂಚಿದರು. ಈ ನೀತಿಯನ್ನು ಪುಸ್ತಕದಲ್ಲಿ ಓದಬಹುದು, ನಿಜ. ಆದರೆ ಅದು ಎಷ್ಟು ಕಟ್ಟುನಿಟ್ಟಾಗಿ ಜಾರಿಯಾಯಿತು, ಎಲ್ಲಿ ಸಡಿಲಾಯಿತು ಎಂಬುದಕ್ಕೆ ಉಳಿದಿರುವ ನಳಿಗೆಗಳೇ ಸಾಕ್ಷಿ. ಸಂಗ್ರಾಹಕ ಹತ್ತು ಮಸ್ಕೆಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇದಕ್ಕೇ.

ಕನ್ನಡಿಗರಿಗೆ ಈ ಕಥೆಯ ಇನ್ನೊಂದು ಕೊನೆ ಚಿಕ್ಕಂದಿನಿಂದಲೂ ಗೊತ್ತು. 1857ರಲ್ಲಿ ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಂ ಬಂದಾಗ ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನ ಕೊನೆಗೆ ಸೈನ್ಯ ಊರಿಗೆ ನುಗ್ಗಿತು. ಡಿಸೆಂಬರಿನಲ್ಲಿ ಹಿಡಿದವರನ್ನು ಗಲ್ಲಿಗೇರಿಸಿದರು. ಅದನ್ನು ಹಾಡುವ ಹಲಗಲಿಯ ಬೇಡರ ಲಾವಣಿಯನ್ನು ಬರೆದುಕೊಂಡು ಅಚ್ಚು ಮಾಡಿಸಿದವರು ಮುಂಬೈ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್, ನಮ್ಮ ಶಾಸನಗಳನ್ನು ಓದಿದ ಅದೇ ಫ್ಲೀಟ್. ಹಾಡು ಉಳಿಯಿತು. ಹಲಗಲಿಯವರು ಬಿಟ್ಟುಕೊಡಲಾರೆ ಎಂದ ಆಯುಧಗಳು ಏನಾದವು? ನಿಶ್ಶಸ್ತ್ರೀಕರಣದಲ್ಲಿ ಕಿತ್ತುಕೊಂಡ ಆಯುಧಗಳನ್ನು ಊರೂರಲ್ಲಿ ಮುರಿದರು, ಕರಗಿಸಿದರು. 1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂದು ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ ಎಂದಾಯಿತು. ಹಾಗಾಗಿ ಇವತ್ತು ಈಸ್ಟ್ ಇಂಡಿಯಾ ಕಂಪನಿಯ ಬಂದೂಕು ಎಲ್ಲೆಲ್ಲೂ ಸಿಗುತ್ತದೆ. ಹೃದಯದಾಕಾರದ ನಾಲ್ಕು ಭಾಗದ ಮುದ್ರೆ, ನಂತರದ ಕಾಲದ ಕಿರೀಟ ಹಿಡಿದ ಸಿಂಹ, ಎರಡೂ ಲಂಡನ್ನಿನಿಂದ ಲಾಹೋರಿನವರೆಗೆ ಪರಿಚಿತ. ಎದುರು ನಿಂತವರ ಬತ್ತಿ ಕೋವಿ ಯಾವ ಕಮ್ಮಾರನದು, ಯಾವ ಊರಿನದು ಎಂಬ ಪ್ರಶ್ನೆಗೆ ಉತ್ತರಿಸಲು ವಸ್ತು ಸಿಗುವುದೇ ಕಷ್ಟ. ಗೆದ್ದವರ ಉಗ್ರಾಣ ಉಳಿದು ಸೋತವರದ್ದು ಕುಲುಮೆಗೆ ಹೋದರೆ ಇತಿಹಾಸ ಎಷ್ಟು ವಾಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಬಂದೂಕು ಕೂಡಿಡುವುದು ಹುಚ್ಚು ಎನ್ನುವವರು ಈ ಖಾಲಿ ಜಾಗವನ್ನು ಒಮ್ಮೆ ನೋಡಬೇಕು.

ದಕ್ಷಿಣದಲ್ಲಿ ಒಂದು ದೊಡ್ಡ ಅಪವಾದ ಟಿಪ್ಪು ಸುಲ್ತಾನನ ಬಂದೂಕುಗಳು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಲೂಟಿಯಾಗಿ ಇಂಗ್ಲೆಂಡಿಗೆ ಹೋದವು; ಮುತ್ತಿಗೆಗೆ ಕಣ್ಣೂರು, ಕೊಡಗಿನ ದಾರಿಯಲ್ಲಿ ಬಂದ ಮುಂಬೈ ಸೈನ್ಯದ ಪಾಲೂ ಆ ಗೆಲುವಿನಲ್ಲಿತ್ತು. ಲೂಟಿಯಾದದ್ದರಿಂದಲೇ ಅವು ಉಳಿದವು ಎಂಬುದು ಕಹಿ ಸತ್ಯ. ಅವುಗಳನ್ನು ಅರ್ಥ ಮಾಡಿಕೊಟ್ಟವರು ಇಂಗ್ಲೆಂಡಿನ ರಾಬಿನ್ ವಿಗಿಂಗ್‌ಟನ್ ಎಂಬ ಖಾಸಗಿ ಸಂಗ್ರಾಹಕ. 1992ರಲ್ಲಿ ಬಂದ ಅವರ ಪುಸ್ತಕ ಟಿಪ್ಪುವಿನ ಬಂದೂಕುಗಳನ್ನು ಚಾಪು (ಸಿಡಿಸುವ ಯಂತ್ರ) ಚಾಪಾಗಿ ಬಿಚ್ಚಿ ಓದುತ್ತದೆ: ಹುಲಿಯ ಆಕಾರದ ಕುದುರೆ (ಕಿಡಿ ಹೊಡೆಯುವ ಭಾಗ), ಹುಲಿಪಟ್ಟೆಯ ಮುದ್ರೆ, ಕುಶಲಕರ್ಮಿಯ ಹೆಸರು, ತಯಾರಾದ ಊರು, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರಿಗೆ ಕಾಲವೇ ತಲೆಕೆಳಗಾಗುತ್ತದೆ. ಮೈಸೂರಿನ ಆಯುಧ ಕಾರ್ಖಾನೆಗಳು ಯುರೋಪಿನ ತಂತ್ರವನ್ನು ಹೇಗೆ ತಮ್ಮದಾಗಿಸಿಕೊಂಡವು, ವರ್ಷದಿಂದ ವರ್ಷಕ್ಕೆ ಏನು ಬದಲಿಸಿದವು ಎಂಬ ಚಿತ್ರ ಹೊರಬಿದ್ದದ್ದು ಒಬ್ಬನೇ ಮನುಷ್ಯ ಅಷ್ಟೂ ಬಂದೂಕುಗಳನ್ನು ಒಂದೆಡೆ ಸೇರಿಸಿದ್ದರಿಂದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್ಟುಗಳು ಸಿಕ್ಕಾಗ ಅವುಗಳ ಕಬ್ಬಿಣದ ಕೊಳವೆಗಳನ್ನು ಅಳೆದು, ಜೋಡಿಸಿ, ಹೋಲಿಸಿ ನೋಡುವ ಕೆಲಸಕ್ಕೂ ಇದೇ ಬಗೆಯ ಕಣ್ಣು ಬೇಕಾಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇದೆಲ್ಲ ಹಣವಂತರ ಪ್ರತಿಷ್ಠೆಯ ಆಟವಲ್ಲವೆ? ವಿಗಿಂಗ್‌ಟನ್ ಸಂಗ್ರಹ 2005ರಲ್ಲಿ ಸೋದಬಿಯಲ್ಲಿ ಹರಾಜಾಗಿ ಚೆದುರಿತು. 2003ರಲ್ಲಿ ಟಿಪ್ಪುವಿನದೆನ್ನಲಾದ ಖಡ್ಗವನ್ನು ಉದ್ಯಮಿ ವಿಜಯ್ ಮಲ್ಯ ಲಂಡನ್ನಿನ ಹರಾಜಿನಲ್ಲಿ ಕೊಂಡು ದೇಶಕ್ಕೆ ತಂದಾಗ ದೊಡ್ಡ ಸುದ್ದಿಯಾಯಿತು. ಅದು ಈಗ ತಮ್ಮಲ್ಲಿಲ್ಲ, ಕೊಟ್ಟುಬಿಟ್ಟಾಗಿದೆ ಎಂದು ಮುಂದೆ ಅವರ ಕಡೆಯಿಂದ ಲಂಡನ್ ನ್ಯಾಯಾಲಯಕ್ಕೆ ತಿಳಿಸಲಾಯಿತು. 2023ರಲ್ಲಿ ಟಿಪ್ಪುವಿನ ಶಯನಾಗಾರದ ಖಡ್ಗಕ್ಕೆ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡ್ ಬಂತು. ಇಂಥ ಮೊತ್ತಗಳ ಮಧ್ಯೆ ಓದುವ ಹಸಿವಿನ ಮಾತು ಬಡವಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಹರಾಜಿನ ಬೆಲೆ ಏರುವುದು ಹೆಸರಿಗೆ: ರಾಜನ ಹೆಸರು, ಅಂತಃಪುರದ ಹೆಸರು. ಹೆಸರಿಲ್ಲದ ಸಿಪಾಯಿಯ ಬಂದೂಕಿಗೆ ಅಂಥ ಬೆಲೆ ಎಂದೂ ಬಂದಿಲ್ಲ. ಸೈನಿಕ ಬಂದೂಕುಗಳ ಬೆನ್ನುಹತ್ತುವವರಲ್ಲಿ ಅನೇಕರು ಜಗತ್ತಿನಾದ್ಯಂತ ಶಾಲಾಮಾಸ್ತರರು, ಮೆಕ್ಯಾನಿಕ್ಕುಗಳು, ನಿವೃತ್ತ ಸೈನಿಕರು. ಅವರು ಕೊಳ್ಳುವುದು ಒಂದು ಕಾಲದಲ್ಲಿ ಸರ್ಕಾರಗಳು ತೂಕದ ಲೆಕ್ಕದಲ್ಲಿ ಮಾರಿದ ಸರಕು. ಪ್ರತಿಷ್ಠೆಗೆ ಕೊಂಡವನು ಒಂದನ್ನು ತೂಗುಹಾಕಿ ಸುಮ್ಮನಾಗುತ್ತಾನೆ. ಎರಡನೆಯದು ಮೊದಲನೆಯದಕ್ಕಿಂತ ಎಲ್ಲಿ ಬೇರೆ ಎಂದು ಕೇಳುವವನು ಬೇರೆ ತಳಿಯವನು.

ಮುಂಬೈಯ ಸಂಗ್ರಹದ ಪರಂಪರೆ ದೊಡ್ಡದೇ. ಆದರೆ ಅದು ಕಲೆಯ ಕಡೆಗೆ ಒಲಿದದ್ದು. ಕಾಲಾ ಘೋಡಾದಲ್ಲಿರುವ ವಸ್ತುಸಂಗ್ರಹಾಲಯಕ್ಕೆ 1905ರ ನವೆಂಬರಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಅಡಿಗಲ್ಲಿಟ್ಟ. ಜಾರ್ಜ್ ವಿಟೆಟ್ ಕಟ್ಟಿದ ಆ ಗುಮ್ಮಟದ ಕಟ್ಟಡ ಮೊದಲ ಮಹಾಯುದ್ಧದಲ್ಲಿ ಸೈನಿಕ ಆಸ್ಪತ್ರೆಯಾಗಿತ್ತು, ಮ್ಯೂಸಿಯಮ್ಮಾಗಿ ತೆರೆದದ್ದು 1922ರಲ್ಲಿ. ಅದೇ ಯುದ್ಧಕ್ಕೆ 1914ರ ಅಕ್ಟೋಬರಿನಲ್ಲಿ ಮುಂಬೈ ಬಂದರಿನಿಂದ ಮೆಸೊಪೊಟೇಮಿಯಾದ ಕಡೆ ಹೊರಟ ಪುಣೆ ಡಿವಿಜನ್ನು 1916ರ ಏಪ್ರಿಲಿನಲ್ಲಿ ಕೂಟ್‌ನಲ್ಲಿ ಶರಣಾಯಿತು. ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ಜಿ ಟಾಟಾ ಸಹೋದರರ ಸಂಗ್ರಹಗಳು ಈ ಮ್ಯೂಸಿಯಮ್ಮಿಗೆ ಬಂದವು. ಅಕ್ಬರನದೆಂದು ಗುರುತಿಸಿದ ಕವಚವೂ ಗುರಾಣಿಯೂ ಇಲ್ಲಿನ ಆಯುಧ ವಿಭಾಗದ ಹೆಮ್ಮೆ. ಪುಣೆಯಲ್ಲಿ ದಿನಕರ ಕೇಳ್ಕರರು, ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ನಿಲ್ಲಿಸಿದ ಸಂಗ್ರಹಾಲಯದಲ್ಲಿ, ಮನೆಬಳಕೆಯ ದೀಪ, ಅಡಕತ್ತರಿಗಳ ಜೊತೆಗೆ ಆಯುಧಗಳನ್ನೂ ಸೇರಿಸಿದರು. ಇವರೆಲ್ಲ ಕೂಡಿಟ್ಟದ್ದು ಚೆಲುವಾದದ್ದನ್ನು, ಕುಸುರಿಯ ವಸ್ತುಗಳನ್ನು. ಅದಕ್ಕೆ ನಾವು ಋಣಿಗಳು. ಕೂಟ್‌ನಲ್ಲಿ ಹಸಿದು ಶರಣಾದ ಸಿಪಾಯಿಯ ರೈಫಲ್ಲಿಗೆ ಈ ಅಭಿರುಚಿಯಲ್ಲಿ ಜಾಗ ಸಿಗುವುದು ಕಷ್ಟವಿತ್ತು. ಈ ನಗರ ತನ್ನ ಯುದ್ಧಸಾಮಗ್ರಿಯನ್ನು ನೆನಪಿಟ್ಟದ್ದೂ ಕಡಿಮೆಯೇ. ಮಲಬಾರ್ ಹಿಲ್ಲಿನ ರಾಜಭವನದ ಇಳಿಜಾರಿನಲ್ಲಿ ತಲಾ 22 ಟನ್ ತೂಕದ ಎರಡು ಫಿರಂಗಿಗಳು ಗಿಡಗಂಟಿಯಲ್ಲಿ ಬಿದ್ದಿದ್ದವು, ಅವನ್ನು ಕ್ರೇನಿನಿಂದ ಮೇಲೆತ್ತಿದ್ದು 2018ರಲ್ಲಿ. ಅದೇ ಆವರಣದ ನೆಲದಡಿಯಲ್ಲಿ ಬ್ರಿಟಿಷರ ಬಂಕರ್ ಇರುವುದು ಬೆಳಕಿಗೆ ಬಂದದ್ದೂ 2016ರಲ್ಲಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಮತ್ತು ಅದನ್ನು ಎತ್ತಲು ಮುಂಬೈಗಿಂತ ಹೆಚ್ಚಿನ ಹಕ್ಕು ಬೇರೆ ಊರಿಗಿಲ್ಲ. 1993ರ ಮಾರ್ಚ್ 12ರ ಸ್ಫೋಟಗಳಲ್ಲಿ 257 ಜನ ಸತ್ತ, ಅದರ ಸುತ್ತಮುತ್ತ ಕಡಲದಂಡೆಯಲ್ಲಿ ಎ.ಕೆ. ರೈಫಲ್ಲುಗಳು ಇಳಿದ, ತೊಂಬತ್ತರ ದಶಕವಿಡೀ ಹಾಡಹಗಲೇ ಗುಂಡಿನ ಸದ್ದು ಕೇಳಿದ, 2008ರ ನವೆಂಬರಿನ ಉಗ್ರರ ದಾಳಿಯಲ್ಲಿ 166 ಜೀವ ಕಳೆದುಕೊಂಡ ನಗರ ಇದು. ಇಂಥ ಊರಿನಲ್ಲಿ ಬಂದೂಕಿನ ಮೇಲೆ ಪ್ರೀತಿ ಎಂದರೆ ಕೊಲೆಯ ಉಪಕರಣವನ್ನು ಪೂಜಿಸಿದಂತಲ್ಲವೆ? ಕೋವಿಯ ಮೊದಲ ಮತ್ತು ಕೊನೆಯ ಉದ್ದೇಶ ದೇಹವನ್ನು ಸೀಳುವುದು. ಯಾವ ಮುದ್ರೆ, ಯಾವ ನಂಬರು ಓದಿದರೂ ಅದು ಮರೆಯಾಗುವುದಿಲ್ಲ, ಮರೆಯಾಗಲೂಬಾರದು. ಕೆಲವರಲ್ಲಿ ಬಲದ ಆಸೆ ಇರುತ್ತದೆ ಎಂಬುದೂ ನಿಜ. ಸಂಗ್ರಾಹಕರೆಲ್ಲ ಸಾಧುಗಳೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ನಗರವನ್ನು ಗಾಯಗೊಳಿಸಿದ ಬಂದೂಕುಗಳನ್ನು ನೋಡಿ: ಹೊಸವು, ಕಳ್ಳದಾರಿಯಲ್ಲಿ ಬಂದವು, ಎಲ್ಲಿಯದೆಂದು ಪತ್ತೆಯಾಗಬಾರದೆಂದು ನಂಬರು ಉಜ್ಜಿ ಅಳಿಸುವ ಲೋಕದವು. ಹತ್ಯೆಗೆಂದು ಬಂದೂಕು ಬೇಕಾದವನು ಅದರ ಬರಹವನ್ನು ಅಳಿಸುತ್ತಾನೆ, ಏಕೆಂದರೆ ಅದೇ ಅವನನ್ನು ಹಿಡಿದುಕೊಡುತ್ತದೆ. ಸಂಗ್ರಾಹಕನಿಗೆ ಬರಹ ಅಳಿದ ಬಂದೂಕು ಬೆಲೆಯಿಲ್ಲದ್ದು. ಒಬ್ಬನೇ ಮನುಷ್ಯನಲ್ಲಿ ಈ ಎರಡು ಆಸೆಗಳು ಒಟ್ಟಿಗೆ ಇರುವುದು ಸುಲಭವಲ್ಲ.

2008ರ ಆ ನವೆಂಬರಿನ ರಾತ್ರಿಯೇ ಇನ್ನೊಂದು ಸಂಗತಿಯನ್ನೂ ಮುಂದಿಡುತ್ತದೆ. ಸಿಎಸ್‌ಟಿ ನಿಲ್ದಾಣದಲ್ಲಿ ಸ್ವಯಂಚಾಲಿತ ರೈಫಲ್ಲುಗಳ ಎದುರು ನಿಂತ ಪೊಲೀಸರ ಕೈಯಲ್ಲಿ ಇದ್ದದ್ದು ಲಾಠಿ ಮತ್ತು .303. ಹೊರದೇಶಗಳಲ್ಲಿ ದಶಕಗಳ ಹಿಂದೆಯೇ ಗಾಜಿನ ಕಪಾಟು ಸೇರಿದ್ದ ಬಂದೂಕು ನಮ್ಮಲ್ಲಿ ಇನ್ನೂ ಪಹರೆ ಮಾಡುತ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಜನವರಿಯಲ್ಲಿ. ನಮ್ಮ ಕಾನೂನು .303 ಅನ್ನು ಹಳೆಯದೆಂದು ಒಪ್ಪದೆ ನಿರ್ಬಂಧಿಸಿದ್ದಕ್ಕೆ ಕಾರಣವೂ ಇದೇ: ಅದರ ಉದ್ಯೋಗ ಮುಗಿದಿರಲಿಲ್ಲ, ತೋಟಾ ಎಲ್ಲ ಠಾಣೆಗಳಲ್ಲಿತ್ತು. ಬಂದೂಕೊಂದು ಹಳತಾಗುವುದು ಕ್ಯಾಲೆಂಡರಿನಿಂದಲ್ಲ, ಕೆಲಸದಿಂದ ಬಿಡುಗಡೆಯಾದಾಗ. ಆ ದೃಷ್ಟಿಯಿಂದ ಈ ನಿರ್ಬಂಧ ಅನ್ಯಾಯವೆಂದು ನನಗೆ ಅನಿಸುವುದಿಲ್ಲ. ಇಷ್ಟು ಒತ್ತಾಗಿ ಜನ ಬದುಕುವ ಊರಿನಲ್ಲಿ, ಗೋಡೆಗೆ ಗೋಡೆ ತಾಗಿದ ಚಾಳುಗಳಲ್ಲಿ, ಸಿಡಿಯಬಲ್ಲ ರೈಫಲ್ಲುಗಳ ಖಾಸಗಿ ಕಪಾಟು ಬೇಡ. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನಲ್ಲಿ ಗುರಿ ಕಲಿಯುವ ಕ್ರೀಡಾಪಟುಗಳಿಗೆ ಕಾಯ್ದೆ ಬೇರೆ ಅವಕಾಶ ಕೊಟ್ಟಿರುವುದೂ ಸರಿಯೇ, ಅವರದು ಬೇರೆ ಸಾಧನೆ.

ಹಾಗಾದರೆ ಕೊಡಗಿನವರು? ಕನ್ನಡ ನಾಡಿನಲ್ಲಿ ಕೋವಿ ಎಂದೊಡನೆ ನೆನಪಿಗೆ ಬರುವವರು ಅವರೇ. 1861ರಿಂದ ಬಂದ ಲೈಸೆನ್ಸಿನ ವಿನಾಯಿತಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಇದೆ; 2019ರ ಆದೇಶದಂತೆ 2029ರವರೆಗೆ ಮುಂದುವರಿದಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊದ್ ಹಬ್ಬದ ದಿನ ಕೋವಿಯನ್ನು ತೊಳೆದೊರೆಸಿ, ತೋಕ್ ಪೂ ಎಂಬ ಹೂ ಮುಡಿಸಿ, ಪೂಜೆಗಿಡುತ್ತಾರೆ; ಗಂಡುಮಗು ಹುಟ್ಟಿದರೂ ಹಿರಿಯರು ತೀರಿಕೊಂಡರೂ ಗುಂಡು ಹಾರಿಸುತ್ತಾರೆ. ಇದು ಸಂಗ್ರಹವಲ್ಲ, ವಾರಸಿಕೆ. ಐನ್‌ಮನೆಯ ಕೋವಿಯ ಕಥೆ ಮನೆಯವರಿಗೆ ಬಾಯಲ್ಲೇ ಇದೆ, ಅದರ ಮೇಲಿನ ಮುದ್ರೆಯನ್ನು ಓದುವ ಅಗತ್ಯ ಅವರಿಗೆ ಬೀಳುವುದೇ ಇಲ್ಲ. ಕಥೆ ಕಳೆದುಹೋದ ಬಂದೂಕು ಕೈಗೆ ಬಂದವನೇ ಮುದ್ರೆಯ ಮೊರೆಹೋಗುತ್ತಾನೆ. ಮುಂಬೈಯಂಥ ವಲಸಿಗರ ಊರಿನಲ್ಲಿ ಸಂಗ್ರಾಹಕ ಹುಟ್ಟುವುದು ಇಲ್ಲಿಂದಲೇ ಎಂದು ನನ್ನ ನಂಬಿಕೆ: ವಸ್ತು ಮನೆತನದಿಂದ ಬೇರ್ಪಟ್ಟಿದೆ, ಹೇಳುವವರು ಇಲ್ಲ, ಉಳಿದಿರುವುದು ಕಬ್ಬಿಣದ ಮೇಲಿನ ನಾಲ್ಕಕ್ಷರ.

ಆ ನಾಲ್ಕಕ್ಷರವೂ ಸುಳ್ಳಾಡಬಹುದು. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಿತ್ತಾಳೆಯ ದುರ್ಬೀನು, ಹಡಗಿನ ದೀಪಗಳ ನಡುವೆ ಹೊಸದಾಗಿ ಮಾಡಿ ಹಳತಾಗಿಸಿದ ಅಲಂಕಾರದ ಪಿಸ್ತೂಲುಗಳು ಸಿಗುತ್ತವೆ. ಕೊಳ್ಳುವವರಿಗೂ ಅವು ಷೋಕೇಸಿಗೆಂದು ಗೊತ್ತಿರುತ್ತದೆ. ಕಷ್ಟವಿರುವುದು ಖೈಬರ್ ಕಣಿವೆಯ ನಕಲುಗಳಲ್ಲಿ. ದರ್ರಾ ಆದಮ್ ಖೇಲ್‌ನ ಕಮ್ಮಾರರು ಬ್ರಿಟಿಷ್ ರೈಫಲ್ಲುಗಳನ್ನು ಕೈಯಿಂದಲೇ ಮಾಡಿದರು, ಮುದ್ರೆಗಳನ್ನೂ ಹಾಗೇ ಒತ್ತಿದರು. ಇಂಗ್ಲಿಷ್ ಓದಲು ಬಾರದವರ ಕೈಯಲ್ಲಿ ಅಕ್ಷರ ತಿರುಗುಮುರುಗಾಗಿದೆ, ಕಾಗುಣಿತ ತಪ್ಪಿದೆ. ಇನ್ನೂ ಚೆನ್ನಾದ ಸುಳಿವು ಎಂದರೆ ವಿಕ್ಟೋರಿಯಾ ರಾಣಿಯ ವಿ.ಆರ್. ಮುದ್ರೆಯ ಕೆಳಗೆ 1901ರ ನಂತರದ ವರ್ಷ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಸತ್ತವಳ ಹೆಸರಿನಲ್ಲಿ ಯಾವ ಸರ್ಕಾರಿ ಕಾರ್ಖಾನೆಯೂ ಬಂದೂಕು ಮಾಡಿರಲಾರದು. ಅನನುಭವಿ ಇದನ್ನು ಅಪರೂಪವೆಂದು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾನೆ. ಬಲ್ಲವನು ನಕಲೆಂದು ಪಕ್ಕಕ್ಕಿಡುತ್ತಾನೆ. ಇನ್ನೂ ಬಲ್ಲವನು ನಕಲನ್ನು ನಕಲೆಂದೇ ಗುರುತು ಹಾಕಿ ತನ್ನ ಸಾಲಿನಲ್ಲಿ ಸೇರಿಸಿಕೊಳ್ಳುತ್ತಾನೆ, ಏಕೆಂದರೆ ಚಕ್ರಾಧಿಪತ್ಯದ ಅಂಚಿನಲ್ಲಿ ಅರ ಮತ್ತು ಸುತ್ತಿಗೆಯಿಂದ ರೈಫಲ್ಲು ಮಾಡಿದವರ ಕೈಚಳಕದ ಚರಿತ್ರೆ ಇರುವುದು ಅದರಲ್ಲೇ.

ಮೂರನೆಯ ಆಕ್ಷೇಪ ಸಂಗ್ರಾಹಕರ ಕಡೆಯಿಂದಲೇ ಬರುತ್ತದೆ, ಮತ್ತು ನನ್ನ ವಾದಕ್ಕೆ ಅದು ಹೆಚ್ಚು ತೊಡಕಿನದು. ದುರಸ್ತಿ ಮಾಡಿದರೂ ಕೆಲಸಕ್ಕೆ ಬಾರದಿರಬೇಕು ಎಂಬ ಷರತ್ತನ್ನು ಪೂರೈಸಲು ನಳಿಗೆಯನ್ನು ಕತ್ತರಿಸಬೇಕು, ತೋಟಾ ಕೂರುವ ಮನೆಯನ್ನು ಬೆಸುಗೆ ಹಾಕಿ ಮುಚ್ಚಬೇಕು. ಆಗ ಬಲದ ಜೊತೆಗೆ ಬರಹವೂ ಹೋಗುತ್ತದೆ. ಮಾರ್ಟಿನಿಯ ಸನ್ನೆ ಕೆಳಗೆ ಎಳೆದಾಗ ಒಳಗಿನ ತುಂಡು ಹೇಗೆ ಇಳಿಯುತ್ತದೆ, 1858ರ ನಳಿಗೆಯ ಒಳಗು ನಿಜಕ್ಕೂ ನುಣುಪಾಗಿದೆಯೆ ಎಂಬುದೆಲ್ಲ ಬೆಸುಗೆಯಡಿ ಮುಚ್ಚಿಹೋದರೆ ಓದುವುದಾದರೂ ಏನನ್ನು? ಈ ದೂರು ನ್ಯಾಯವಾದದ್ದು. ಚಾಲನೆಯೂ ಬರಹದ ಒಂದು ಭಾಗ. ಆದರೆ ಇದಕ್ಕೆ ಪರಿಹಾರ ಖಾಸಗಿ ಮನೆಗಳಿಗೆ ಸಡಿಲ ಕೊಡುವುದಲ್ಲ. ಅಖಂಡವಾಗಿ ಉಳಿಯಬೇಕಾದ ಮಾದರಿಗಳಿಗೆ ಬೀಗಮುದ್ರೆಯ ಸಾರ್ವಜನಿಕ ಜಾಗವಿರಬೇಕು. ಓದಬಲ್ಲವರಿಗೆ ಅಲ್ಲಿ ಪ್ರವೇಶವಿರಬೇಕು. ನಿಯಮಗಳ ಪಟ್ಟಿಯಲ್ಲಿ ಐತಿಹಾಸಿಕ ಆಯುಧಗಳಿಗೆಂದು ಬೇರೆ ವರ್ಗವೇ ಇದೆ. ಅದನ್ನು ಗಂಭೀರವಾಗಿ ಬಳಸುವ, ಗುರುತು ತಿಳಿದ ಪರಿಣತರ ಕೈಗೆ ಪರಿಶೀಲನೆ ಕೊಡುವ ವ್ಯವಸ್ಥೆ ಬೇಕು. ಸ್ವಂತಕ್ಕೆ ಇಟ್ಟುಕೊಳ್ಳುವುದೇ ಮುಖ್ಯ ಎನ್ನುವವರಿಗೆ ಇದು ರುಚಿಸದು. ಓದುವುದು ಮುಖ್ಯ ಎನ್ನುವವರಿಗೆ ಸಾಕು.

ಉಗ್ರಾಣಕ್ಕೂ ಸಂಗ್ರಹಕ್ಕೂ ಇರುವ ಅಂತರವನ್ನು ನೇಪಾಳ ತೋರಿಸಿಕೊಟ್ಟಿತು. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ 50,000ಕ್ಕೂ ಹೆಚ್ಚು ಬಂದೂಕುಗಳು ಧೂಳು, ಜೇಡಿಮಣ್ಣು, ಹಳೆಯ ಎಣ್ಣೆಯ ಪದರದಡಿ ಬಿದ್ದಿದ್ದವು: ಕಂಪನಿ ಕಾಲದ ಬ್ರೌನ್ ಬೆಸ್, ಮಾರ್ಟಿನಿ-ಹೆನ್ರಿ, ನೇಪಾಳದವರೇ ರೂಪಿಸಿದ ಗಹೇಂದ್ರ ರೈಫಲ್ಲು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅಷ್ಟನ್ನೂ ಕೊಂಡರು. ಅಲ್ಲಿಯವರೆಗೆ ಅದು ಕಬ್ಬಿಣದ ರಾಶಿ. ಕೊಂಡವರು ತೊಳೆದು ಒಂದೊಂದರ ಗುರುತು ಬರೆದುಕೊಳ್ಳುತ್ತ ಹೋದಂತೆ ಗಹೇಂದ್ರದಂಥ ಬಂದೂಕುಗಳ ಪರಿಚಯ ಹೊರಜಗತ್ತಿಗೆ ಸಿಕ್ಕಿತು. ಆ ಬಂದೂಕುಗಳ ಬಹುಪಾಲು ಒಂದೊಂದಾಗಿ ಸಮುದ್ರದಾಚೆಯ ಮನೆಗಳಿಗೆ ಹಂಚಿಹೋಯಿತು. ನೇಪಾಳಕ್ಕೆ ಉಳಿದದ್ದು ಕಡಿಮೆ. ನಮ್ಮಲ್ಲಿ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸದಂತೆ 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಆದರೆ ಇದೇ ಊರಿನ ಕುಲುಮೆಗೆ ಹೋಗದಂತೆ ತಡೆಯುವುದು ಯಾವುದು? 2019ರ ತಿದ್ದುಪಡಿಯ ನಂತರ ಮೂರನೆಯ ಬಂದೂಕನ್ನು ಜನ ಠಾಣೆಗೋ ಪರವಾನಗಿ ಪಡೆದ ಅಂಗಡಿಗೋ ಒಪ್ಪಿಸಬೇಕಾಯಿತು. ಮನೆಯಲ್ಲಿ ಎರಡು ಲೈಸೆನ್ಸಿನ ಬಂದೂಕು, ಮೂರನೆಯದು ತಾತ ಸೈನ್ಯದಿಂದಲೋ ಸಂಸ್ಥಾನದಿಂದಲೋ ಪಡೆದದ್ದು ಎಂದಿದ್ದರೆ ಮೊದಲು ಬಿಟ್ಟುಕೊಡುವುದು ಆ ಹಳೆಯದನ್ನೇ, ಅದರಿಂದ ಉಪಯೋಗವಿಲ್ಲವಲ್ಲ. ಹೀಗೆ ಬಂದದ್ದನ್ನು ನಾಶಮಾಡುವ ಮುನ್ನ ಮ್ಯೂಸಿಯಮ್ಮಿನವರೊಬ್ಬರು ಒಮ್ಮೆ ನೋಡಬೇಕು, ಗುರುತುಗಳ ಫೋಟೊ ತೆಗೆದು ದಾಖಲಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಪೊಲೀಸ್ ಇಲಾಖೆ ಮತ್ತು ಪುರಾತತ್ತ್ವ ಇಲಾಖೆಗಳ ನಡುವಿನ ಒಂದು ಸುತ್ತೋಲೆ ಸಾಕು.

ಅಟ್ಟದ ಮೇಲೆ ಅಂಥದ್ದೊಂದು ಇರುವ ಮನೆಗಳಿಗೂ ಮಾಡುವ ಕೆಲಸವಿದೆ. ಲೈಸೆನ್ಸ್ ಹೊಂದಿದವರು ತೀರಿಕೊಂಡಿದ್ದರೆ ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು, ಬೇಡವಾದರೆ ಒಪ್ಪಿಸಬಹುದು. ಒಪ್ಪಿಸುವ ಮುನ್ನ ಚಾಪಿನ ತಗಡು, ನಳಿಗೆಯ ಬುಡ, ಹಿಂಬದಿಯ ಮರದ ಬಲಮೈ, ಕೆಳಗಿನ ಹಿತ್ತಾಳೆ ಪಟ್ಟಿ ಇಷ್ಟನ್ನೂ ಓರೆ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಯಾರಿಗೆ, ಯಾವ ವರ್ಷ, ಯಾವ ಪಲ್ಟನ್ನಿನಲ್ಲಿ ಸಿಕ್ಕಿತೆಂದು ಮನೆಯ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತುಕ್ಕು ಹಿಡಿದಿದೆಯೆಂದು ಮರಳುಕಾಗದ ಹಾಕಿ ಉಜ್ಜಬೇಡಿ, ಹೊಳಪು ಬರಲೆಂದು ಬಫ್ ಮಾಡಿಸಬೇಡಿ. ಮುದ್ರೆ ಕೂದಲೆಳೆಯಷ್ಟು ಆಳಕ್ಕಿರುತ್ತದೆ, ಒಂದು ಮಧ್ಯಾಹ್ನದ ಉಜ್ಜಾಟಕ್ಕೆ ಅದು ಉಳಿಯುವುದಿಲ್ಲ.